ಮೂರು ಯಂತ್ರಗಳ ಲೆಕ್ಕ: ಜಿಸಿಸಿ ಕಂಪೈಲರ್ ಬಿಲ್ಡ್ ಮಾಡಿದ ನನ್ನ ಅನುಭವ

ಅಂತೂ ಮುಗಿಯಿತು. ರಿಸ್ಕ್-ಫೈವ್ ಅನ್ನುವ ಪ್ರೊಸೆಸರ್ ವಿನ್ಯಾಸದ ಬೋರ್ಡಿಗೆ ಕೋಡ್ ತಯಾರಿಸುವ ಜಿಸಿಸಿ ಕಂಪೈಲರ್ (ನಾವು ಬರೆದ ಪ್ರೋಗ್ರಾಂ ಅನ್ನು ಯಂತ್ರದ ಭಾಷೆಗೆ ಬದಲಿಸುವ ಸಾಫ್ಟ್‌ವೇರ್) ಈಗ ನಮ್ಮ ಲಿನಕ್ಸ್ ಸರ್ವರ್ ಮೇಲೂ ಓಡುತ್ತದೆ, ಗ್ರಾಹಕರ ವಿಂಡೋಸ್ ಲ್ಯಾಪ್‌ಟಾಪ್ ಮೇಲೂ ಓಡುತ್ತದೆ. ಎರಡೂ ಒಂದೇ ಮೇಕ್‌ಫೈಲ್‌ನಿಂದ, ಅಂದರೆ ಮೇಕ್ ಅನ್ನುವ ಉಪಕರಣಕ್ಕೆ ಬಿಲ್ಡ್‌ನ (ಸೋರ್ಸ್‌ನಿಂದ ಪ್ರೋಗ್ರಾಂ ಕಟ್ಟುವ) ಹಂತಗಳನ್ನು ಹೇಳುವ ಫೈಲಿನಿಂದ, ಹೊರಬರುತ್ತವೆ. ನೆನಪು ಹಸಿಯಾಗಿರುವಾಗಲೇ ಎಲ್ಲವನ್ನೂ ಬರೆದಿಡೋಣ ಅಂತ ಕೂತಿದ್ದೇನೆ. ಈ ದಾರಿಗೆ ಬರುವ ಮುಂದಿನವರಿಗೆ ಒಂದೆರಡು ರಾತ್ರಿಯ ನಿದ್ದೆಯಾದರೂ ಉಳಿಯಲಿ.

ನಾನಿರುವುದು ಪೀಣ್ಯದ ಒಂದು ಚಿಕ್ಕ ಕಂಪನಿಯಲ್ಲಿ. ಯಂತ್ರಗಳಿಗೆ ಕಂಟ್ರೋಲರ್ ಬೋರ್ಡ್ ಮಾಡುತ್ತೇವೆ. ಹಾರ್ಡ್‌ವೇರ್ ಟೀಮಿನವರು ಎಫ್‌ಪಿಜಿಎ (ಒಳಗಿನ ಸರ್ಕ್ಯೂಟ್ ನಾವೇ ಬದಲಿಸಬಹುದಾದ ಚಿಪ್) ಒಳಗೆ ಒಂದು ರಿಸ್ಕ್-ಫೈವ್ ಪ್ರೊಸೆಸರ್ ಕೂರಿಸಿ, ಅದಕ್ಕೆ ನಮ್ಮದೇ ಕೆಲವು ಹೊಸ ಇನ್‌ಸ್ಟ್ರಕ್ಷನ್, ಅಂದರೆ ಪ್ರೊಸೆಸರ್‌ಗೆ ಅರ್ಥವಾಗುವ ಆಜ್ಞೆಗಳನ್ನು ಸೇರಿಸಿದ್ದರು. ರಿಸ್ಕ್-ಫೈವ್ 2010ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಶುರುವಾದಾಗಿನಿಂದ ಅದರ ಆಕರ್ಷಣೆ ಇದೇ ಅಲ್ವಾ? ಯಾರು ಬೇಕಾದರೂ ಸೇರಿಸಿಕೊಳ್ಳಲಿ ಅಂತ ಕೆಲವು ಆಪ್‌ಕೋಡ್‌ಗಳನ್ನು (ಇನ್‌ಸ್ಟ್ರಕ್ಷನ್‌ಗಳ ಗುರುತಿನ ಸಂಖ್ಯೆಗಳನ್ನು) ಖಾಲಿ ಬಿಟ್ಟಿದ್ದಾರೆ. ಆದರೆ ಹೊಸ ಇನ್‌ಸ್ಟ್ರಕ್ಷನ್ ಬಂದರೆ ಅದು ಗೊತ್ತಿರುವ ಕಂಪೈಲರ್ ಬೇಕು. ರೆಡಿಮೇಡ್ ಸಿಗುವುದಿಲ್ಲ. ಮ್ಯಾನೇಜರ್ ನನ್ನ ಮೇಜಿನ ಹತ್ತಿರ ಬಂದು, "ಹಳೆ ಸ್ಕ್ರಿಪ್ಟ್ ಇದೆಯಲ್ಲ, ಮೇಕ್ ಅಂತ ಹೊಡೆದರೆ ಆಯ್ತು, ಸ್ವಲ್ಪ ನೋಡಿ" ಅಂದರು.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ನಿಮಗೆ ಬೇಕಿರುವುದು ಒಂದೋ ಎರಡೋ ಇನ್‌ಸ್ಟ್ರಕ್ಷನ್ ಮಾತ್ರ ಆಗಿದ್ದರೆ, ಕಂಪೈಲರ್ ಬಿಲ್ಡ್ ಮಾಡಲು ಹೋಗಬೇಡಿ. ಜಿಸಿಸಿ ಜೊತೆ ಬಳಸುವ ಗ್ನೂ ಅಸೆಂಬ್ಲರ್‌ನಲ್ಲಿ (ಇನ್‌ಸ್ಟ್ರಕ್ಷನ್ ಹೆಸರುಗಳನ್ನು ಯಂತ್ರದ ಸಂಖ್ಯೆಗಳಾಗಿಸುವ ಉಪಕರಣ) "ಡಾಟ್ ಇನ್ಸನ್" ಅಂತ ಒಂದು ಸೌಲಭ್ಯ ಇದೆ. ಅದನ್ನು ಇನ್‌ಲೈನ್ ಅಸೆಂಬ್ಲಿಯಲ್ಲಿ, ಅಂದರೆ ಸಿ ಕೋಡ್ ನಡುವೆ ಬರೆಯುವ ಅಸೆಂಬ್ಲಿ ಸಾಲಿನಲ್ಲಿ ಬಳಸಿ ಯಾವ ಹೊಸ ಇನ್‌ಸ್ಟ್ರಕ್ಷನ್ನನ್ನು ಬೇಕಾದರೂ ತೂರಿಸಬಹುದು. ಅರ್ಧ ದಿನದ ಕೆಲಸ. ನಮ್ಮ ವಿಷಯದಲ್ಲಿ ಕಂಪೈಲರ್ ತಾನಾಗಿಯೇ ಆ ಇನ್‌ಸ್ಟ್ರಕ್ಷನ್‌ಗಳನ್ನು ಆರಿಸಿಕೊಳ್ಳಬೇಕಿತ್ತು. ಹಾಗಾಗಿ ಬೇರೆ ದಾರಿ ಇರಲಿಲ್ಲ.

ಮೊದಲು ಕೂತು ಅರ್ಥ ಮಾಡಿಕೊಳ್ಳಬೇಕಾದದ್ದು ಮೂರು ಯಂತ್ರಗಳ ಲೆಕ್ಕ. ಕಂಪೈಲರ್ ಅನ್ನು ಯಾವ ಯಂತ್ರದಲ್ಲಿ ಬಿಲ್ಡ್ ಮಾಡುತ್ತೀರೋ ಅದು "ಬಿಲ್ಡ್". ಆ ಕಂಪೈಲರ್ ಮುಂದೆ ಯಾವ ಯಂತ್ರದಲ್ಲಿ ಓಡಬೇಕೋ ಅದು "ಹೋಸ್ಟ್". ಅದು ತಯಾರಿಸುವ ಕೋಡ್ ಯಾವ ಯಂತ್ರದಲ್ಲಿ ಓಡಬೇಕೋ ಅದು "ಟಾರ್ಗೆಟ್". ನಮ್ಮ ಬಿಲ್ಡ್ ಯಂತ್ರ ಉಬುಂಟು ಸರ್ವರ್. ಹೋಸ್ಟ್ ಒಮ್ಮೆ ಲಿನಕ್ಸ್, ಇನ್ನೊಮ್ಮೆ ವಿಂಡೋಸ್. ಟಾರ್ಗೆಟ್ ನಮ್ಮ ಬೋರ್ಡ್. ಮೇಕ್‌ಫೈಲ್‌ನಲ್ಲಿ ಬರೆಯುವ ಪ್ರತಿ ಸಾಲೂ ಈ ಮೂರರಲ್ಲಿ ಯಾವುದೋ ಒಂದಕ್ಕೆ ಸೇರಿದ್ದು. ಯಾವುದಕ್ಕೆ ಅಂತ ಗೊತ್ತಿಲ್ಲದೆ ಒಂದು ಫ್ಲ್ಯಾಗ್ (ಆಯ್ಕೆ) ಕೂಡ ಹಾಕಬೇಡಿ. ನನಗೆ ಬಂದ ತೊಂದರೆಗಳಲ್ಲಿ ಮುಕ್ಕಾಲು ಪಾಲು, ಒಂದು ಯಂತ್ರದ ಸೆಟ್ಟಿಂಗ್ ಇನ್ನೊಂದರ ಖಾತೆಗೆ ಹೋಗಿದ್ದರಿಂದಲೇ ಬಂದವು.

ಸೋರ್ಸ್ ತರುವುದು ಸುಲಭ. ಬದಲಾಗುತ್ತಲೇ ಇರುವ ಗಿಟ್ ಭಂಡಾರದಿಂದ ತರಬೇಡಿ, ಬಿಡುಗಡೆಯಾದ ಟಾರ್‌ಬಾಲ್ (ಸೋರ್ಸ್ ಎಲ್ಲ ಒಟ್ಟು ಕಟ್ಟಿದ ಫೈಲ್) ತನ್ನಿ. ಗಿಟ್‌ನಿಂದ ತಂದರೆ ಫ್ಲೆಕ್ಸ್ ಥರದ ಉಪಕರಣಗಳೂ ಬೇಕಾಗುತ್ತವೆ, ಫೈಲುಗಳ ಸಮಯ ಹಿಂದುಮುಂದಾಗಿ ಮೇಕ್ ಸುಮ್ನೆ ಬೇಡದ ಕೆಲಸ ಮಾಡಲು ಹೋಗುತ್ತದೆ. ಜಿಎಂಪಿ, ಎಂಪಿಎಫ್‌ಆರ್, ಎಂಪಿಸಿ ಅನ್ನುವ ಮೂರು ಗಣಿತದ ಲೈಬ್ರರಿಗಳು ಬೇಕೇ ಬೇಕು. ಜಿಸಿಸಿ ಫೋಲ್ಡರ್‌ನ ಕಾಂಟ್ರಿಬ್ ಒಳಗೆ "ಡೌನ್‌ಲೋಡ್ ಪ್ರಿರಿಕ್ವಿಸಿಟ್ಸ್" ಅನ್ನುವ ಸ್ಕ್ರಿಪ್ಟ್ ಇದೆ, ಅದನ್ನು ಓಡಿಸಿದರೆ ತಾನೇ ತಂದು ಸೋರ್ಸ್ ಒಳಗೆ ಇಡುತ್ತದೆ. ಹೀಗೆ ಒಳಗೇ ಇಟ್ಟರೆ ಹೋಸ್ಟ್ ಯಾವುದಿದ್ದರೂ ಆ ಲೈಬ್ರರಿಗಳು ಅದಕ್ಕೆ ತಕ್ಕಂತೆ ಬಿಲ್ಡ್ ಆಗುತ್ತವೆ. ವಿಂಡೋಸ್ ಹಂತದಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಇನ್ನೊಂದು: ಸೋರ್ಸ್ ಫೋಲ್ಡರ್ ಒಳಗೇ ಬಿಲ್ಡ್ ಮಾಡಬೇಡಿ. ಪಕ್ಕದಲ್ಲಿ ಬೇರೆ ಫೋಲ್ಡರ್ ಮಾಡಿ, ಅಲ್ಲಿಂದ ಕನ್‌ಫಿಗರ್ (ಯಂತ್ರವನ್ನು ಪರೀಕ್ಷಿಸಿ ಬಿಲ್ಡ್‌ನ ಸೆಟ್ಟಿಂಗ್ ಹಾಕುವ ಸ್ಕ್ರಿಪ್ಟ್) ಕರೆಯಿರಿ. ಡಿಸ್ಕ್‌ನಲ್ಲಿ ಹತ್ತಾರು ಜಿಬಿ ಖಾಲಿ ಇರಲಿ. ಫೋಲ್ಡರ್ ಹೆಸರಿನಲ್ಲಿ ಎಲ್ಲೂ ಸ್ಪೇಸ್ ಬೇಡ, ಮೇಕ್‌ಗೆ ಅದು ಆಗಿಬರುವುದಿಲ್ಲ.

ಇನ್ನು ಹಳೆಯ ಸ್ಕ್ರಿಪ್ಟ್ ವಿಷಯ. ಯಾವಾಗಲೋ ಕಂಪನಿ ಬಿಟ್ಟುಹೋದ ಯಾರೋ ಬರೆದದ್ದು. ಬಿನ್‌ಯುಟಿಲ್ಸ್‌ಗೆ (ಅಸೆಂಬ್ಲರ್, ಮತ್ತು ಕಂಪೈಲ್ ಆದ ತುಂಡುಗಳನ್ನು ಜೋಡಿಸುವ ಲಿಂಕರ್) ಒಂದು ಮೇಕ್‌ಫೈಲ್, ಜಿಸಿಸಿಗೆ ಒಂದು ಶೆಲ್ ಸ್ಕ್ರಿಪ್ಟ್, ನ್ಯೂಲಿಬ್‌ಗೆ (ಬೋರ್ಡಿನ ಸಿ ಲೈಬ್ರರಿ) ಏನೂ ಇಲ್ಲ. ತೆರೆದ ಕೂಡಲೇ "ಮಿಸ್ಸಿಂಗ್ ಸೆಪರೇಟರ್" ಅಂತ ನಿಂತಿತು. ಮೇಕ್‌ಫೈಲ್‌ನಲ್ಲಿ ಆಜ್ಞೆಯ ಸಾಲು ಟ್ಯಾಬ್‌ನಿಂದಲೇ ಶುರುವಾಗಬೇಕು, ಯಾರದೋ ಎಡಿಟರ್ ಟ್ಯಾಬ್‌ಗಳನ್ನೆಲ್ಲ ಸ್ಪೇಸ್ ಮಾಡಿತ್ತು. 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಮೇಕ್ ಬರೆದಾಗಿನಿಂದ ಈ ಟ್ಯಾಬ್ ಕಾಟ ನಡೆದುಕೊಂಡೇ ಬಂದಿದೆ. ಅದು ಸಣ್ಣದು, ಸರಿಹೋಯಿತು.

ಅದಕ್ಕಿಂತ ಕಾಡಿದ್ದು ಎರಡು ಸಾಲು. ಒಂದು, ಪ್ಲಾಟ್‌ಫಾರ್ಮ್ ಯಾವುದು ಅಂತ ತಿಳಿಯಲು "ಯುನೇಮ್" ಬಳಸಿದ್ದರು. ಯುನೇಮ್ ಹೇಳುವುದು ನೀವು ಕೂತಿರುವ ಯಂತ್ರದ ಹೆಸರು. ಹೋಸ್ಟ್ ಯಾವುದು, ಟಾರ್ಗೆಟ್ ಯಾವುದು ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಸಾಲದ್ದಕ್ಕೆ ಅದರ ಉತ್ತರ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಅದೇ 64 ಬಿಟ್ ಆರ್ಮ್ ಚಿಪ್‌ಗೆ ಲಿನಕ್ಸ್‌ನಲ್ಲಿ "ಎಆರ್ಚ್64" ಅನ್ನುತ್ತದೆ, ಮ್ಯಾಕ್‌ನಲ್ಲಿ "ಆರ್ಮ್64" ಅನ್ನುತ್ತದೆ. ಕಂಪೈಲರ್ ಯಾವ ಟಾರ್ಗೆಟ್‌ನದು ಅಂತ ತಿಳಿಯಬೇಕಾದರೆ ಕಂಪೈಲರ್‌ನನ್ನೇ ಕೇಳಿ: "ಡಂಪ್‌ಮೆಷಿನ್" ಆಯ್ಕೆ ಕೊಟ್ಟರೆ ಪೂರ್ತಿ ಹೆಸರು ಹೇಳುತ್ತದೆ.

ಎರಡನೆಯದು, "ಸಿಸಿ" ವೇರಿಯಬಲ್‌ಗೆ ಪ್ರಶ್ನಾರ್ಥಕ-ಸಮ ಚಿಹ್ನೆ ಹಾಕಿ ಕಂಪೈಲರ್ ಹೆಸರು ಕೊಟ್ಟಿದ್ದರು. ಆ ಚಿಹ್ನೆಯ ಅರ್ಥ "ಇನ್ನೂ ಬೆಲೆ ಇಲ್ಲದಿದ್ದರೆ ಮಾತ್ರ ಇದನ್ನು ಇಡು" ಅಂತ. ಓದಲು ಚೆನ್ನಾಗಿದೆ. ಆದರೆ ಗ್ನೂ ಮೇಕ್ ಒಳಗೆ ಸಿಸಿಗೆ ಮೊದಲಿಂದಲೇ ಒಂದು ಬೆಲೆ ಇರುತ್ತದೆ. ಹಾಗಾಗಿ ಆ ಸಾಲು ಎಂದೂ ಕೆಲಸ ಮಾಡುವುದಿಲ್ಲ, ದೂರು ಕೂಡ ಹೇಳುವುದಿಲ್ಲ. ಸದ್ದಿಲ್ಲದೆ ಸರ್ವರ್‌ನ ಸ್ವಂತ ಕಂಪೈಲರ್ ಓಡುತ್ತಿರುತ್ತದೆ. ಇಂಥ ಕಡೆ ನೇರವಾಗಿ ಸಮ ಚಿಹ್ನೆ ಹಾಕಿ, ಬದಲಿಸಬೇಕಾದವರು ಕಮಾಂಡ್ ಲೈನ್‌ನಲ್ಲಿ ಕೊಡಲಿ. ಅಲ್ಲಿ ಕೊಟ್ಟದ್ದು ಫೈಲಿನಲ್ಲಿ ಇರುವುದನ್ನು ಮೀರುತ್ತದೆ.

ಹಳೆಯದನ್ನು ತೇಪೆ ಹಾಕುವುದು ಬೇಡ ಅಂತ ಹೊಸ ಮೇಕ್‌ಫೈಲ್ ಬರೆಯಲು ಶುರು ಮಾಡಿದೆ. ಕೆಲಸದ ಕ್ರಮ ಹೀಗೆ: ಮೊದಲು ಬಿನ್‌ಯುಟಿಲ್ಸ್, ಅಂದರೆ ಅಸೆಂಬ್ಲರ್ ಮತ್ತು ಲಿಂಕರ್. ಆಮೇಲೆ ಸಿ ಲೈಬ್ರರಿ ಇಲ್ಲದ ಮೊದಲ ಹಂತದ ಜಿಸಿಸಿ. ಅದರಿಂದ ನ್ಯೂಲಿಬ್ ಅನ್ನುವ ಚಿಕ್ಕ ಸಿ ಲೈಬ್ರರಿ. ಕೊನೆಗೆ ಪೂರ್ತಿ ಜಿಸಿಸಿ, ಸಿ ಪ್ಲಸ್ ಪ್ಲಸ್ ಸಮೇತ. ಬೋರ್ಡ್ ಮೇಲೆ ಲಿನಕ್ಸ್ ಓಡಿಸುವವರಿಗೆ ನ್ಯೂಲಿಬ್ ಜಾಗದಲ್ಲಿ ಕರ್ನಲ್ ಹೆಡರ್‌ಗಳು, ಜಿಲಿಬ್‌ಸಿ (ಲಿನಕ್ಸ್‌ನ ಸಿ ಲೈಬ್ರರಿ) ಬರುತ್ತವೆ. ಅದು ಇದಕ್ಕಿಂತ ಉದ್ದದ ದಾರಿ.

ಮೊದಲ ಹಂತದ ಜಿಸಿಸಿ ಓಡುತ್ತಿದ್ದಾಗ ಮಧ್ಯಾಹ್ನ ಬಿಲ್ಡ್ ಸತ್ತಿತು. "ಕಿಲ್ಡ್" ಅಂತ ಒಂದೇ ಪದ. ಕೋಡಿನಲ್ಲಿ ತಪ್ಪಿಲ್ಲ. ಎಂಟು ಜಿಬಿ ರ‍್ಯಾಮ್ ಇರುವ ಸರ್ವರ್‌ನಲ್ಲಿ ಕೋರ್‌ಗಳ ಲೆಕ್ಕದಲ್ಲಿ ಏಕಕಾಲಕ್ಕೆ ಕೆಲಸ ಬಿಟ್ಟರೆ ಮೆಮೊರಿ ಸಾಲದೆ ಲಿನಕ್ಸ್ ಯಾವುದೋ ಒಂದನ್ನು ಕೊಲ್ಲುತ್ತದೆ. ಜಿಸಿಸಿ 4.8ರಿಂದ ಅದನ್ನು ಬಿಲ್ಡ್ ಮಾಡಲು ಸಿ ಪ್ಲಸ್ ಪ್ಲಸ್ ಕಂಪೈಲರ್ ಬೇಕು. ಜೊತೆಗೆ ಬಿಲ್ಡ್ ಹೊತ್ತಿನಲ್ಲಿ ತಾನಾಗಿ ಹುಟ್ಟುವ ಕೆಲವು ಫೈಲುಗಳು ಭಾರಿ ದೊಡ್ಡವು. ಲಿನಕ್ಸ್‌ನ ಒಳಗಿನ ಸಂದೇಶ ತೋರಿಸುವ ಡಿಮೆಸ್ಜಿ ತೆಗೆದು ನೋಡಿದರೆ ಯಾರನ್ನು ಕೊಂದಿದೆ ಅಂತ ಬರೆದಿರುತ್ತದೆ. ಒಂದೊಂದು ಕೆಲಸಕ್ಕೂ ಎರಡು ಜಿಬಿ ಹಿಡಿದು ಜೆ ಸಂಖ್ಯೆ (ಮೇಕ್ ಏಕಕಾಲಕ್ಕೆ ಮಾಡುವ ಕೆಲಸಗಳ ಸಂಖ್ಯೆ) ಇಡಿ. ನಾನು ಎಸ್‌ಪಿ ರೋಡಿಗೆ ಹೋಗಿ ಇನ್ನೊಂದು ರ‍್ಯಾಮ್ ಪಟ್ಟಿ ತಂದೆ. ಅಂಗಡಿಯವನು, "ಸರ್, ಮುಂದಿನ ವಾರ ಬಂದರೆ ಇನ್ನೂ ಜಾಸ್ತಿ ಆಗಿರತ್ತೆ" ಅಂತ ಹೆದರಿಸಿಯೇ ಮಾರಿದ. ಬಿಲ್ ಕಂಪನಿ ಕೊಟ್ಟಿತು, ಆದರೆ ಅಕೌಂಟ್ಸ್‌ನವರಿಗೆ ಕಂಪೈಲರ್‌ಗೆ ರ‍್ಯಾಮ್ ಯಾಕೆ ಬೇಕು ಅಂತ ವಿವರಿಸುವುದು ಬಿಲ್ಡ್‌ಗಿಂತ ಕಷ್ಟವಾಯಿತು. ಒಂದೆರಡು ಬಾರಿ ಮಾತ್ರ ಬಿಲ್ಡ್ ಮಾಡುವವರು ಗಂಟೆ ಲೆಕ್ಕದ ಕ್ಲೌಡ್ ಯಂತ್ರ ಬಾಡಿಗೆಗೆ ತೆಗೆದುಕೊಳ್ಳುವುದು ವಾಸಿ.

ರಾತ್ರಿ ಬಿಟ್ಟುಹೋದ ಒಂದು ಬಿಲ್ಡ್ ಬೆಳಿಗ್ಗೆ ನೋಡಿದರೆ ಇನ್ನೂ ತೆವಳುತ್ತಿತ್ತು. ಕರೆಂಟ್ ಹೋಗಿತ್ತೇನೋ, ಯುಪಿಎಸ್ ಕೈಕೊಟ್ಟಿತೇನೋ ಅಂತ ನೋಡಿದೆ, ಎರಡೂ ಸರಿ ಇದ್ದವು. ಲಾಗ್‌ನಲ್ಲಿ "ಜಾಬ್‌ಸರ್ವರ್ ಅನ್‌ಅವೈಲಬಲ್" ಅನ್ನುವ ಎಚ್ಚರಿಕೆ. ಉಳಿಸಿಕೊಂಡಿದ್ದ ಹಳೆಯ ಸಾಲುಗಳಲ್ಲಿ ಒಳಗಿನ ಮೇಕ್ ಅನ್ನು ಸುಮ್ನೆ "ಮೇಕ್" ಅಂತ ಹೆಸರು ಹಿಡಿದು ಕರೆದಿತ್ತು. ಹಾಗೆ ಕರೆದರೆ ಹೊರಗಿನ ಮೇಕ್ ಜೊತೆ ಅದಕ್ಕೆ ಸಂಬಂಧ ತಪ್ಪಿ, ಒಂದೊಂದೇ ಫೈಲ್ ಹಿಡಿದು ಕೂರುತ್ತದೆ. ಡಾಲರ್ ಚಿಹ್ನೆ ಹಾಕಿ ದೊಡ್ಡಕ್ಷರದ ಮೇಕ್ ವೇರಿಯಬಲ್‌ನಿಂದಲೇ ಕರೆಯಬೇಕು. ಬದಲಿಸಿದ ಮೇಲೆ ಅದೇ ಕೆಲಸ ಊಟದ ಬಿಡುವಿನೊಳಗೆ ಮುಗಿಯತೊಡಗಿತು.

ಇಷ್ಟು ಹೊತ್ತಿಗೆ ಬಂದದ್ದು, ಈ ಕೆಲಸ ಮಾಡಿದ ಎಲ್ಲರಿಗೂ ಗೊತ್ತಿರುವ ಆ ಎರರ್: "ಕೆನಾಟ್ ಕಂಪ್ಯೂಟ್ ಸಫಿಕ್ಸ್ ಆಫ್ ಆಬ್ಜೆಕ್ಟ್ ಫೈಲ್ಸ್". ಆಬ್ಜೆಕ್ಟ್ ಫೈಲಿನ (ಕಂಪೈಲ್ ಆಗಿ ಇನ್ನೂ ಜೋಡಿಸದ ತುಂಡು) ಹೆಸರಿನ ಬಾಲ ಏನು ಅಂತ ಗೊತ್ತಾಗುತ್ತಿಲ್ಲವಂತೆ! ಈ ಮಾತನ್ನು ನಂಬಿ ಹುಡುಕಲು ಹೋದರೆ ದಿನಗಳು ಹೋಗುತ್ತವೆ. ನಿಜವಾಗಿ ಆಗುವುದು ಇಷ್ಟೇ: ಹೊಸದಾಗಿ ಹುಟ್ಟಿದ ಕಂಪೈಲರ್‌ನಿಂದ ಲಿಬ್‌ಜಿಸಿಸಿಯ (ಜಿಸಿಸಿಯದೇ ಸಹಾಯಕ ಲೈಬ್ರರಿ) ಕನ್‌ಫಿಗರ್ ಒಂದು ಪುಟ್ಟ ಫೈಲನ್ನು ಕಂಪೈಲ್ ಮಾಡಿ ನೋಡುತ್ತದೆ. ಅದು ಯಾವ ಕಾರಣಕ್ಕೆ ಕೆಟ್ಟರೂ ಹೇಳುವುದು ಇದೇ ವಾಕ್ಯ.

ಕಾರಣ ಇರುವುದು ಕನ್‌ಫಿಗರ್ ಬರೆದಿಡುವ ಕಾನ್ಫಿಗ್.ಲಾಗ್ ಒಳಗೆ. ಯಾವ ಕಾನ್ಫಿಗ್.ಲಾಗ್? ಇದು ಮುಖ್ಯ. ಬಿಲ್ಡ್ ಫೋಲ್ಡರ್‌ನ ತಲೆಯಲ್ಲಿರುವುದಲ್ಲ. ಟಾರ್ಗೆಟ್ ಹೆಸರಿನ ಉಪಫೋಲ್ಡರ್, ಅದರೊಳಗೆ ಲಿಬ್‌ಜಿಸಿಸಿ, ಅದರೊಳಗಿನದು. ನನ್ನ ಜೊತೆಯ ಹುಡುಗಿ ಅದನ್ನು ತೆರೆದು ಕೆಳಗಿನಿಂದ ಮೇಲಕ್ಕೆ ಓದುತ್ತಾ ಹೋದಳು. "ನೋಡಿ, ಇಲ್ಲಿ ಓಡುತ್ತಿರೋದು ನಮ್ಮ ಅಸೆಂಬ್ಲರ್ ಅಲ್ಲ, ಇಂಟೆಲ್‌ದು" ಅಂದಳು. ಹೌದು, ರಿಸ್ಕ್-ಫೈವ್‌ನ ಮಾರ್ಚ್ ಆಯ್ಕೆ (ಪ್ರೊಸೆಸರ್‌ನಲ್ಲಿ ಯಾವ ಇನ್‌ಸ್ಟ್ರಕ್ಷನ್‌ಗಳಿವೆ ಅಂತ ಹೇಳುವುದು) ಸರ್ವರ್‌ನ ಎಕ್ಸ್86 ಅಸೆಂಬ್ಲರ್‌ಗೆ ಹೋಗಿ, ಅದು ಇಂಥ ಮಾರ್ಚ್ ಗೊತ್ತಿಲ್ಲ ಅಂತ ವಾಪಸ್ ಕಳಿಸಿತ್ತು.

ಯಾಕೆ ಹಾಗಾಯಿತು? ಬಿನ್‌ಯುಟಿಲ್ಸ್‌ನ ಹಳೆಯ ಮೇಕ್‌ಫೈಲ್‌ನಲ್ಲಿ ಟಾರ್ಗೆಟ್ ಹೆಸರು "ರಿಸ್ಕ್‌ವಿ64-ಅನ್‌ನೋನ್-ಎಲ್ಫ್". ಜಿಸಿಸಿ ಸ್ಕ್ರಿಪ್ಟ್‌ನಲ್ಲಿ ಚುಟುಕಾಗಿ "ರಿಸ್ಕ್‌ವಿ64-ಎಲ್ಫ್". ಕನ್‌ಫಿಗರ್ ಎರಡನ್ನೂ ಒಂದೇ ಅಂತ ಒಪ್ಪಿಕೊಳ್ಳುತ್ತದೆ. ಆದರೆ ಫೋಲ್ಡರ್ ಹೆಸರು ಮಾತ್ರ ನೀವು ಹೇಗೆ ಬರೆದಿರೋ ಹಾಗೇ ಇಡುತ್ತದೆ. ಅಸೆಂಬ್ಲರ್ ಒಂದು ಫೋಲ್ಡರ್‌ನಲ್ಲಿ ಕೂತಿದೆ, ಜಿಸಿಸಿ ಇನ್ನೊಂದರಲ್ಲಿ ಹುಡುಕುತ್ತಿದೆ, ಸಿಗದೆ ಊರಿನ ಅಸೆಂಬ್ಲರ್‌ನನ್ನೇ ಕರೆದುಕೊಂಡಿದೆ. ಅಂದಿನಿಂದ ಟಾರ್ಗೆಟ್, ಪ್ರಿಫಿಕ್ಸ್ (ಎಲ್ಲವನ್ನೂ ಸ್ಥಾಪಿಸುವ ಫೋಲ್ಡರ್) ಎರಡನ್ನೂ ಮೇಕ್‌ಫೈಲ್‌ನ ತಲೆಯಲ್ಲಿ ಒಮ್ಮೆ ಮಾತ್ರ ಬರೆದು, ನಾಲ್ಕೂ ಹಂತಗಳಿಗೆ ಅದನ್ನೇ ಕೊಡುತ್ತಿದ್ದೇನೆ. ಪ್ರಿಫಿಕ್ಸ್‌ನ ಬಿನ್ ಫೋಲ್ಡರನ್ನು ಪಾತ್‌ನ (ಪ್ರೋಗ್ರಾಂಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿ) ಮುಂಭಾಗದಲ್ಲಿ ಸೇರಿಸಿ ಎಕ್ಸ್‌ಪೋರ್ಟ್ ಮಾಡುವುದೂ ಅಲ್ಲೇ. ಸುಡೋ (ನಿರ್ವಾಹಕನ ಅಧಿಕಾರದಲ್ಲಿ ಆಜ್ಞೆ ಓಡಿಸುವುದು) ಬಳಸಿದರೆ ಈ ಪಾತ್ ಉಳಿಯದಿರಬಹುದು. ಹಾಗಾಗಿ ಪ್ರಿಫಿಕ್ಸ್ ಅನ್ನು ನಿಮ್ಮ ಸ್ವಂತ ಹೋಮ್ ಫೋಲ್ಡರ್ ಒಳಗೇ ಇಡಿ, ಸುಡೋ ತಂಟೆಯೇ ಬೇಡ.

ಮತ್ತೆ ಕನ್‌ಫಿಗರ್ ಮಾಡುವಾಗ ಬಿಲ್ಡ್ ಫೋಲ್ಡರ್ ಪೂರ್ತಿ ಅಳಿಸಿ. ಮೇಕ್ ಕ್ಲೀನ್ ಸಾಲದು. ಹಳೆಯ ಉತ್ತರಗಳು ಎಲ್ಲೋ ಉಪಫೋಲ್ಡರ್‌ನಲ್ಲಿ ಉಳಿದುಕೊಂಡು ಹೊಸ ಸೆಟ್ಟಿಂಗನ್ನು ಹಾಳು ಮಾಡುತ್ತವೆ.

ನ್ಯೂಲಿಬ್ ಬಿಲ್ಡ್ ಆಯಿತು. ಪೂರ್ತಿ ಜಿಸಿಸಿಯೂ ಆಯಿತು. ಖುಷಿಯಿಂದ ಕಾಫಿ ಕುಡಿದು ಬಂದು ಬೋರ್ಡಿನ ಪ್ರೋಗ್ರಾಂ ಲಿಂಕ್ ಮಾಡಿದರೆ, "ರಿಲೊಕೇಶನ್ ಟ್ರಂಕೇಟೆಡ್ ಟು ಫಿಟ್" ಅಂತ ಸಾಲು ಸಾಲು ಎರರ್, ಅಂದರೆ ವಿಳಾಸ ಅದರ ಜಾಗದಲ್ಲಿ ಹಿಡಿಸುತ್ತಿಲ್ಲ. ಕಂಪೈಲರ್ ಸರಿ ಇದೆ, ಕೋಡ್ ಸರಿ ಇದೆ, ಕೂಡಿಸಿದರೆ ಆಗುತ್ತಿಲ್ಲ. ಆ ಸಂಜೆ ನಿಜಕ್ಕೂ ಸಾಕಾಗಿಹೋಗಿತ್ತು. ಪೀಣ್ಯದಿಂದ ಮೆಟ್ರೋದಲ್ಲಿ ಮನೆಗೆ ಹೋಗುವಾಗಲೂ ಫೋನಿನಲ್ಲಿ ಅದೇ ಸಾಲುಗಳನ್ನು ಓದುತ್ತಿದ್ದೆ.

ವಿಷಯ ಇಷ್ಟು. ರಿಸ್ಕ್-ಫೈವ್ ಜಿಸಿಸಿ ತಾನಾಗಿ ಹಿಡಿಯುವ ಕೋಡ್ ಮಾದರಿಯ (ವಿಳಾಸಗಳನ್ನು ಹೇಗೆ ತಲುಪಬೇಕು ಅನ್ನುವ ಕ್ರಮ) ಹೆಸರು "ಮೆಡ್‌ಲೋ". ಅದರಲ್ಲಿ ವಿಳಾಸಗಳು ಸೊನ್ನೆಯಿಂದ ಆಚೆ ಈಚೆ ಎರಡು ಜಿಬಿ ಒಳಗೇ ಇರಬೇಕು. ನಮ್ಮ ಬೋರ್ಡ್‌ನಲ್ಲಿ ರ‍್ಯಾಮ್ ಶುರುವಾಗುವುದು ಹೆಕ್ಸ್‌ನಲ್ಲಿ 80000000ರಿಂದ, ಅಂದರೆ ಸರಿಯಾಗಿ ಎರಡು ಜಿಬಿ ಗೆರೆಯ ಮೇಲೆ. 64 ಬಿಟ್‌ನಲ್ಲಿ ಅದು ಮೆಡ್‌ಲೋ ಕೈಗೆ ಎಟುಕುವುದಿಲ್ಲ. "ಮೆಡ್‌ಎನಿ" ಮಾದರಿ ಬೇಕು. ನಮ್ಮ ಪ್ರೋಗ್ರಾಂ ಆ ಆಯ್ಕೆಯಲ್ಲೇ ಕಂಪೈಲ್ ಆಗುತ್ತಿತ್ತು. ಆದರೆ ಅದರ ಜೊತೆ ಸೇರುವ ನ್ಯೂಲಿಬ್, ಲಿಬ್‌ಜಿಸಿಸಿ ಎರಡೂ ಮೆಡ್‌ಲೋದಲ್ಲಿ ಹುಟ್ಟಿದ್ದವು. ರಿಸ್ಕ್-ಫೈವ್ 64 ಬಿಟ್ ಬೋರ್ಡಿಗೆ ಕಂಪೈಲರ್ ಮಾಡುವವರು ಮೊದಲು ನೋಡಬೇಕಾದ ಸಂಖ್ಯೆ ರ‍್ಯಾಮ್ ಶುರುವಾಗುವ ವಿಳಾಸ.

ಈ ಆಯ್ಕೆಯನ್ನು ಎಲ್ಲಿ ಬರೆಯಬೇಕು ಅನ್ನುವುದರಲ್ಲೇ ಮೂರು ಯಂತ್ರಗಳ ಲೆಕ್ಕ ಮತ್ತೆ ಬರುತ್ತದೆ. ಕಂಪೈಲರ್‌ಗೆ ಕೊಡುವ ಆಯ್ಕೆಗಳನ್ನು ಮೂರು ವೇರಿಯಬಲ್‌ಗಳಲ್ಲಿ ಬರೆಯಬಹುದು. ಸಿಫ್ಲ್ಯಾಗ್ಸ್ ಅಂದರೆ ಹೋಸ್ಟ್‌ನದು. ಸಿಫ್ಲ್ಯಾಗ್ಸ್-ಫಾರ್-ಬಿಲ್ಡ್ ಅಂದರೆ ಬಿಲ್ಡ್ ಯಂತ್ರದಲ್ಲಿ ಓಡುವ ಸಹಾಯಕ ಪ್ರೋಗ್ರಾಂಗಳದು. ಸಿಫ್ಲ್ಯಾಗ್ಸ್-ಫಾರ್-ಟಾರ್ಗೆಟ್ ಅಂದರೆ ಬೋರ್ಡ್‌ನದು. ಮೆಡ್‌ಎನಿ ಹೋಗಬೇಕಾದದ್ದು ಮೂರನೆಯದಕ್ಕೆ. ಹೆಸರುಗಳ ನಡುವೆ ಅಡ್ಡಗೆರೆ ಅಲ್ಲ, ಅಂಡರ್‌ಸ್ಕೋರ್ ಇರುತ್ತದೆ, ಗಮನಿಸಿ. ಮೊದಲನೆಯದರಲ್ಲಿ ಹಾಕಿದರೆ ಸರ್ವರ್‌ನ ಸ್ವಂತ ಜಿಸಿಸಿಗೆ ಆ ಆಯ್ಕೆ ಹೋಗುತ್ತದೆ. ಅದಕ್ಕೆ ಮೆಡ್‌ಎನಿ ಗೊತ್ತಿಲ್ಲ. ಆಗ ಕನ್‌ಫಿಗರ್ "ಸಿ ಕಂಪೈಲರ್ ಕೆನಾಟ್ ಕ್ರಿಯೇಟ್ ಎಕ್ಸಿಕ್ಯೂಟಬಲ್ಸ್" ಅನ್ನುತ್ತದೆ, ನೀವು ಸರ್ವರ್‌ನ ಕಂಪೈಲರೇ ಕೆಟ್ಟಿದೆ ಅಂತ ಉಬುಂಟು ಮರುಸ್ಥಾಪನೆಗೆ ಹೊರಡುತ್ತೀರಿ.

ಮಾರ್ಚ್, ಎಬಿಐ (ಫಂಕ್ಷನ್‌ಗಳು ಒಂದಕ್ಕೊಂದು ಬೆಲೆ ದಾಟಿಸುವ ಕ್ರಮ) ಎರಡನ್ನೂ ಕನ್‌ಫಿಗರ್ ಹೊತ್ತಿನಲ್ಲೇ ಕೊಟ್ಟುಬಿಡಿ. ನಮ್ಮ ಬೋರ್ಡ್‌ನಲ್ಲಿ ಫ್ಲೋಟಿಂಗ್ ಪಾಯಿಂಟ್ (ದಶಮಾಂಶ ಸಂಖ್ಯೆಗಳ ಲೆಕ್ಕ ಮಾಡುವ ಭಾಗ) ಇಲ್ಲ. ಆದ್ದರಿಂದ "ಆರ್‌ವಿ64ಐಎಂಎಸಿ" ಮತ್ತು "ಎಲ್‌ಪಿ64". ಒಂದೇ ಬೋರ್ಡ್ ಇರುವವರು ಮಲ್ಟಿಲಿಬ್ ಬೇಡ ಅಂತಲೂ ಹೇಳಿ. ಇಲ್ಲದಿದ್ದರೆ ಬೇಡದ ಹತ್ತಾರು ಜಾತಿಯ ಲೈಬ್ರರಿ ಬಿಲ್ಡ್ ಆಗುತ್ತಾ ಕೂರುತ್ತದೆ.

ಲಿನಕ್ಸ್ ಭಾಗ ಮುಗಿಯಿತು ಅಂತ ಮ್ಯಾನೇಜರ್‌ಗೆ ಹೇಳಿದೆ. ಅವರು, "ಗ್ರಾಹಕರು ವಿಂಡೋಸ್‌ನಲ್ಲಿ ಇದ್ದಾರಲ್ರೀ" ಅಂದರು. ಹಾಗೆ ಶುರುವಾಯಿತು "ಕೆನೇಡಿಯನ್ ಕ್ರಾಸ್". ಬಿಲ್ಡ್, ಹೋಸ್ಟ್, ಟಾರ್ಗೆಟ್ ಮೂರೂ ಬೇರೆ ಬೇರೆ ಇರುವ ಬಿಲ್ಡ್‌ಗೆ ಈ ಹೆಸರು. ಹೆಸರು ಇಟ್ಟ ಕಾಲದಲ್ಲಿ ಕೆನಡಾದಲ್ಲಿ ಮೂರು ರಾಷ್ಟ್ರೀಯ ಪಕ್ಷಗಳಿದ್ದವಂತೆ, ಅದಕ್ಕೆ.

ಉಬುಂಟುವಿನಲ್ಲೇ ಮಿಂಗ್‌ಡಬ್ಲ್ಯೂ-ಡಬ್ಲ್ಯೂ64 ಪ್ಯಾಕೇಜ್ ಸಿಗುತ್ತದೆ, ವಿಂಡೋಸ್ ಇಎಕ್ಸ್‌ಇ ಮಾಡುವ ಕಂಪೈಲರ್ ಅದು. ಹಳೆಯ ಸ್ಕ್ರಿಪ್ಟ್‌ನಲ್ಲಿ ಸಿಸಿ ಒಂದನ್ನು ಮಾತ್ರ ಅದಕ್ಕೆ ಬದಲಿಸಿದ್ದರು. ಹಾಗೆ ಮಾಡಿದರೆ "ಕೆನಾಟ್ ರನ್ ಸಿ ಕಂಪೈಲ್ಡ್ ಪ್ರೋಗ್ರಾಂಸ್" ಅಂತ ಕನ್‌ಫಿಗರ್ ಅಲ್ಲೇ ನಿಲ್ಲುತ್ತದೆ. ಸಿಸಿ ಮುಟ್ಟುವುದೇ ಬೇಡ. ಬಿಲ್ಡ್, ಹೋಸ್ಟ್, ಟಾರ್ಗೆಟ್ ಮೂರನ್ನೂ ಸ್ಪಷ್ಟವಾಗಿ ಕೊಡಿ. ಹೋಸ್ಟ್ ಹೆಸರಿನಿಂದ ಸರಿಯಾದ ಕಂಪೈಲರನ್ನು ಅದೇ ಹುಡುಕಿಕೊಳ್ಳುತ್ತದೆ.

ಇನ್ನೊಂದು ತೊಡಕು ಇದೆ. ಹೀಗೆ ಹುಟ್ಟುವ ಜಿಸಿಸಿ ಒಂದು ಇಎಕ್ಸ್‌ಇ. ಅದು ಲಿನಕ್ಸ್ ಸರ್ವರ್ ಮೇಲೆ ಓಡುವುದಿಲ್ಲ. ಹಾಗಿದ್ದರೆ ಟಾರ್ಗೆಟ್‌ನ ಲಿಬ್‌ಜಿಸಿಸಿ, ನ್ಯೂಲಿಬ್ ಯಾರು ಕಂಪೈಲ್ ಮಾಡಬೇಕು? ಅದಕ್ಕೆ ಮೊದಲೇ ಮಾಡಿಟ್ಟ ಲಿನಕ್ಸ್‌ನ ಕ್ರಾಸ್ ಕಂಪೈಲರ್ (ಬೇರೆ ಯಂತ್ರಕ್ಕೆ ಕೋಡ್ ತಯಾರಿಸುವ ಕಂಪೈಲರ್) ಬೇಕು, ಅದೇ ಆವೃತ್ತಿಯದು, ಅದೇ ಪ್ಯಾಚ್ (ಹೊಸ ಇನ್‌ಸ್ಟ್ರಕ್ಷನ್‌ಗಳಿಗಾಗಿ ಸೋರ್ಸ್‌ನಲ್ಲಿ ಮಾಡಿದ ಬದಲಾವಣೆ) ಇರುವಂಥದು, ಪಾತ್‌ನಲ್ಲಿ ಸಿಗುವಂತೆ. ಆದ್ದರಿಂದ ಮೇಕ್‌ಫೈಲ್‌ನಲ್ಲಿ ವಿಂಡೋಸ್ ಗುರಿ ಲಿನಕ್ಸ್ ಗುರಿಯ ಮೇಲೆ ಅವಲಂಬಿಸಿರಬೇಕು. ಎರಡಕ್ಕೂ ಬಿಲ್ಡ್ ಫೋಲ್ಡರ್, ಪ್ರಿಫಿಕ್ಸ್ ಬೇರೆ ಬೇರೆ. ಪ್ಲಾಟ್‌ಫಾರ್ಮ್‌ಗೆ ತಕ್ಕ ಸೆಟ್ಟಿಂಗ್‌ಗಳನ್ನು ಲಿನಕ್ಸ್.ಎಂಕೆ, ವಿಂಡೋಸ್.ಎಂಕೆ ಅಂತ ಎರಡು ಪುಟ್ಟ ಫೈಲುಗಳಲ್ಲಿಟ್ಟು, ಮುಖ್ಯ ಮೇಕ್‌ಫೈಲ್ ಅದನ್ನು ಇನ್‌ಕ್ಲೂಡ್ ಮಾಡುವಂತೆ ಬರೆದೆ. ಒಂದೊಂದರಲ್ಲೂ ಬೆರಳೆಣಿಕೆಯ ಸಾಲು. ಮುಂದೆ ಮ್ಯಾಕ್ ಬೇಕೆಂದರೆ ಇನ್ನೊಂದು ಫೈಲ್ ಸೇರಿಸಬಹುದು. ಆದರೆ ಮ್ಯಾಕ್‌ನ ಜೊತೆ ಬರುವ ಗ್ನೂ ಮೇಕ್ 2006ರ 3.81 ಆವೃತ್ತಿ, ಆಮೇಲೆ ಬಂದ ಸೌಲಭ್ಯ ಯಾವುದೂ ಅದರಲ್ಲಿ ಇಲ್ಲ ಅನ್ನುವುದು ನೆನಪಿರಲಿ.

ಮೊದಲ ಜಿಪ್ ಕಳಿಸಿದಾಗ ಗ್ರಾಹಕರ ಕಡೆಯಿಂದ ಫೋನ್. "ಏನೋ ವಿನ್‌ಪಿಥ್ರೆಡ್ ಡಿಎಲ್‌ಎಲ್ ಇಲ್ಲ ಅಂತಿದೆ ಸರ್." ವಿಂಡೋಸ್.ಎಂಕೆಯಲ್ಲಿ ಎಲ್‌ಡಿಫ್ಲ್ಯಾಗ್ಸ್‌ಗೆ (ಲಿಂಕರ್‌ನ ಆಯ್ಕೆಗಳು) "ಸ್ಟಾಟಿಕ್", ಅಂದರೆ ಲೈಬ್ರರಿಯನ್ನು ಇಎಕ್ಸ್‌ಇ ಒಳಗೇ ಇಡು ಅಂತ ಸೇರಿಸಿದ ಮೇಲೆ ಅದು ಹೋಯಿತು. ಎರಡನೇ ಜಿಪ್ಪನ್ನು ಅವರ ಆಂಟಿವೈರಸ್ ಅನುಮಾನದಿಂದ ಬೇರೆ ಕಡೆ ಎತ್ತಿಟ್ಟಿತು, ಅವರ ಐಟಿಯವರು ಅನುಮತಿ ಕೊಡುವವರೆಗೆ ಕಾಯಬೇಕಾಯಿತು. ಆಳದ ಫೋಲ್ಡರ್‌ನಲ್ಲಿ ಬಿಚ್ಚಿದವರಿಗೆ ವಿಂಡೋಸ್‌ನ 260 ಅಕ್ಷರದ ಮಿತಿ ತಾಗಿತು, ಯಾಕೆಂದರೆ ಜಿಸಿಸಿ ಒಳಗಿನ ದಾರಿಗಳು ಮೊದಲೇ ಉದ್ದ. ಸಿ ಡ್ರೈವ್‌ನ ಬುಡದಲ್ಲೇ ಬಿಚ್ಚಿ ಅಂತ ಈಗ ರೀಡ್‌ಮಿಯ ಮೊದಲ ಸಾಲಿನಲ್ಲಿ ಬರೆದಿದ್ದೇನೆ. ನಮ್ಮಲ್ಲೇ ಒಂದು ಹಳೆಯ ಲಿನಕ್ಸ್ ಲ್ಯಾಪ್‌ಟಾಪ್ ಮೇಲೆ ಕಂಪೈಲರ್ "ಇಲ್ಲೀಗಲ್ ಇನ್‌ಸ್ಟ್ರಕ್ಷನ್" ಅಂತ ಸತ್ತದ್ದಕ್ಕೆ ಕಾರಣ ಬೇರೆ. ಸರ್ವರ್‌ನ ಎನ್ವಿರಾನ್‌ಮೆಂಟ್‌ನಲ್ಲಿ ಯಾರೋ "ಮಾರ್ಚ್ ನೇಟಿವ್" ಇರುವ ಸಿಫ್ಲ್ಯಾಗ್ಸ್ ಬಿಟ್ಟಿದ್ದರು. ಸರ್ವರ್‌ನ ಹೊಸ ಸಿಪಿಯುಗೆ ತಕ್ಕಂತೆ ಹುಟ್ಟಿದ್ದು ಹಳೆಯದರ ಮೇಲೆ ಹೇಗೆ ಓಡೀತು? ಹೊಸ ಮೇಕ್‌ಫೈಲ್ ಆರಂಭದಲ್ಲೇ ಇಂಥ ವೇರಿಯಬಲ್‌ಗಳನ್ನು ತಾನೇ ಇಟ್ಟುಕೊಳ್ಳುತ್ತದೆ, ಹೊರಗಿನಿಂದ ಏನನ್ನೂ ತೆಗೆದುಕೊಳ್ಳುವುದಿಲ್ಲ.

ಕೊನೆಗೆ ಕಾಗದಪತ್ರ. ಗ್ರಾಹಕರ ಖರೀದಿ ವಿಭಾಗ ಲೈಸೆನ್ಸ್ ಕೇಳಿತು. ಜಿಸಿಸಿ ಇರುವುದು ಜಿಪಿಎಲ್ 3 ಅನ್ನುವ ಮುಕ್ತ ಸಾಫ್ಟ್‌ವೇರ್ ಲೈಸೆನ್ಸ್ ಅಡಿಯಲ್ಲಿ. ಕಂಪೈಲರನ್ನು ಬೇರೆಯವರಿಗೆ ಕೊಟ್ಟರೆ ನಮ್ಮ ಪ್ಯಾಚ್ ಸಮೇತ ಸೋರ್ಸ್ ಕೂಡ ಅವರಿಗೆ ಸಿಗುವಂತೆ ಮಾಡಬೇಕು. "ಹಾಗಾದರೆ ಇದರಲ್ಲಿ ಕಂಪೈಲ್ ಮಾಡಿದ ನಮ್ಮ ಕೋಡನ್ನೂ ಕೊಡಬೇಕಾ?" ಅಂತ ಅವರಿಗೆ ಭಯ. ಬೇಡ. ಲಿಬ್‌ಜಿಸಿಸಿಯಂಥವು ಪ್ರೋಗ್ರಾಂ ಒಳಗೆ ಸೇರಿಕೊಂಡರೂ ಆ ಷರತ್ತು ತಾಗದ ಹಾಗೆ 2009ರಿಂದ ರನ್‌ಟೈಮ್ ಲೈಬ್ರರಿ ವಿನಾಯಿತಿ ಇದೆ. ನ್ಯೂಲಿಬ್‌ಗೆ ಬೇರೆ ಲೈಸೆನ್ಸ್‌ಗಳ ಒಂದು ಪಟ್ಟಿಯೇ ಇದೆ, ಸೋರ್ಸ್ ಜೊತೆಗೇ ಬರುತ್ತದೆ. ಅದನ್ನೂ ಜಿಪ್‌ಗೆ ಸೇರಿಸಿದೆ. ಟಾರ್‌ಬಾಲ್‌ಗಳು, ನಮ್ಮ ಪ್ಯಾಚ್, ಮೇಕ್‌ಫೈಲ್, ಎರಡು ಎಂಕೆ ಫೈಲ್, ಜೊತೆಗೆ ಜಿಸಿಸಿ "ವಿ" ಆಯ್ಕೆಯಲ್ಲಿ ತೋರಿಸುವ ಕನ್‌ಫಿಗರ್ ಸಾಲು, ಇಷ್ಟನ್ನು ಒಂದೇ ಫೋಲ್ಡರ್‌ನಲ್ಲಿ ಇಟ್ಟಿದ್ದೇವೆ. ಜಿಸಿಸಿಯ ದೊಡ್ಡ ಆವೃತ್ತಿ ವರ್ಷಕ್ಕೊಂದು ಬರುತ್ತದೆ, ಸಾಮಾನ್ಯವಾಗಿ ಏಪ್ರಿಲ್-ಮೇ ಹೊತ್ತಿಗೆ. ಮುಂದಿನದಕ್ಕೆ ಪ್ಯಾಚ್ ಏರಿಸುವ ಕೆಲಸವನ್ನು ಲಾಗ್ ಓದಿದ ಆ ಹುಡುಗಿ ವಹಿಸಿಕೊಂಡಿದ್ದಾಳೆ.